ಗೋಡೆಗೆ ಮುಖಮಾಡಿ

ಟಿಬಿಲಿಸಿಯಲ್ಲಿ ಇಪ್ಪತ್ತೆರಡು ವರ್ಷ
ಟ್ರಾಲಿಬಸ್ಸು ಓಡಿಸಿದವಳು ನಾನು.
ತಂತಿ ಎಲ್ಲಿಯವರೆಗೋ ಅಲ್ಲಿಯವರೆಗೆ ನನ್ನ ಊರು.
ನಿಲ್ದಾಣಕ್ಕೂ ನಿಲ್ದಾಣಕ್ಕೂ ನಡುವೆ
ಯಾರು ಅಂಗಲಾಚಿದರೂ ಬಾಗಿಲು ತೆಗೆದವಳಲ್ಲ.

ಬೊಂಬೊರಾ ಬಂದದ್ದು ನವೆಂಬರಿನಲ್ಲಿ.
ಏಳೋ ಎಂಟೋ ವಯಸ್ಸು, ಹಲ್ಲು ನೋಡಿದ ಡಾಕ್ಟರ ಲೆಕ್ಕ.
ಕಿವಿಯಲ್ಲಿ ನಗರಸಭೆ ಹೊಡೆದ ಹಳದಿ ಬಿಲ್ಲೆ:
ಲಸಿಕೆ ಆಗಿದೆ, ಕಚ್ಚುವುದಿಲ್ಲ, ಯಾರದೂ ಅಲ್ಲ.
ಜುಂಬೆರನ ರೊಟ್ಟಿ ಒಲೆಯ ಬಿಸಿಗೋಡೆಗೆ
ಬೆನ್ನು ಒತ್ತಿ ಅಷ್ಟೂ ಚಳಿಗಾಲ ಕಳೆದ ಪ್ರಾಣಿ.
ಜುಂಬೆರ್ ಅಂಗಡಿ ಮುಚ್ಚಿದ. ಗೋಡೆ ತಣ್ಣಗಾಯಿತು.
ನಾನು ಎಳೆದು ತರಲಿಲ್ಲ, ಹಿಂದೆಯೇ ಬಂತು,
ಮೂರು ಮಹಡಿ, ತಿರುವು ತಿರುವಿನಲ್ಲೂ ನಿಂತು
ಇದೇನಾ? ಇದೇನಾ? ಎಂಬಂತೆ ನೋಡುತ್ತ.

ಮೊದಲ ರಾತ್ರಿ ಹಾಸುಗಂಬಳಿ.
ಎರಡನೆಯ ರಾತ್ರಿ ಪಿಯಾನೊ ಕಾಲು;
ನಮ್ಮಲ್ಲಿ ಯಾರೂ ನುಡಿಸದ ಪಿಯಾನೊ,
ಆದರೂ ಪಿಯಾನೊ.
ಮೂರನೆಯ ದಿನ ಅಡುಗೆಮನೆಯಲ್ಲಿ, ಹಾಡಹಗಲೇ,
ನನ್ನ ಮುಖ ನೋಡುತ್ತಲೇ ಹಿಂಗಾಲು ಬಗ್ಗಿಸಿತು.
ಕಿರುಚಿದೆ.
ಸೀಟು ಹರಿಯುವ ಹುಡುಗರ ಮೇಲೆ ಕಿರುಚುತ್ತಿದ್ದ ದನಿ.
ತಂತಿ ಕಿತ್ತು ಹದಿನೆಂಟು ವರ್ಷ,
ಅದಕ್ಕೆ ಮಾತ್ರ ತುಕ್ಕು ಹಿಡಿದಿರಲಿಲ್ಲ.

ಅರ್ಧಕ್ಕೇ ನಿಲ್ಲಿಸಿತು. ಬಾಲ ಹೊಟ್ಟೆಯಡಿಗೆ.
ಮತ್ತೆ ನನ್ನೆದುರು ಮಾಡಲೇ ಇಲ್ಲ.
ಕಲಿಯಿತು, ಅಂದುಕೊಂಡೆ.
ಕಲಿತದ್ದು ಬೇರೆ.
ಮಂಚದ ಕೆಳಗೆ, ಪರದೆಯ ಹಿಂದೆ, ಚಳಿಬೂಟುಗಳ ಆಚೆ,
ಮೂಗು ಹಿಡಿದು ಹುಡುಕಿದರೆ ಮಾತ್ರ ಸಿಗುವ ಕಡೆ.
ಈ ನೆಲದ ಮೇಲೆ ಕೂಡದೆಂದು ಅದಕ್ಕೆ ತಿಳಿಯಲಿಲ್ಲ,
ಈ ಕಣ್ಣಿನೆದುರು ಕೂಡದೆಂದು ತಿಳಿಯಿತು.

ಹಳೆಯ ರೂಟು ಹಾಳೆಯ ಬೆನ್ನಿಗೆ ವೇಳಾಪಟ್ಟಿ ಬರೆದೆ.
ಬೆಳಿಗ್ಗೆ ಆರು. ತಿಂದ ಕಾಲು ಗಂಟೆಗೆ.
ನಿದ್ದೆ ತಿಳಿದೊಡನೆ. ಮಲಗುವ ಮುಂಚೆ.
ಇಳಿದು ಇಳಿದು ಮೊಣಕಾಲು ಮಾತಾಡತೊಡಗಿದವು.
ಅಂಗಳದ ಹಿಪ್ಪುನೇರಳೆ ಮರದಡಿ
ಹಗ್ಗದ ಆ ತುದಿಗೆ ಅದು, ಈ ತುದಿಗೆ ನಾನು.
ಮಾಡು, ಕಂದಾ, ಮಾಡು.
ಕೂತು ನನ್ನನ್ನೇ ನೋಡಿತು,
ಹಬ್ಬದೂಟದ ನಡುವೆ ಏಳಲು ಸಂಕೋಚಪಡುವ ನೆಂಟನ ಹಾಗೆ.
ಅರ್ಧ ಗಂಟೆ ಕಳೆಯಿತು. ಹತ್ತಿ ಬಂದೆವು.
ಬಂದದ್ದೇ ಪರದೆಯ ಹಿಂದೆ.

ಮೇಲಿನ ಮೊಗಸಾಲೆಯಿಂದ ಲಮಾರಾ,
ಬಟ್ಟೆ ಹಗ್ಗದ ರಾಟೆ ಕಿರ್‍ರೆನಿಸುತ್ತ:
‘ವಿನೆಗರ್ ಹಾಕಿ ಒರೆಸು, ನಾಜಿಕೋ,
ಆಮೇಲೆ ತಂದಲ್ಲಿಗೇ ಬಿಟ್ಟು ಬಾ.’
ಮೊದಲರ್ಧ ಪಾಲಿಸಿದೆ.

ಆಮೇಲೊಂದು ಸಂಜೆ, ಶೀತವಾಗಿತ್ತು,
ಕರವಸ್ತ್ರ ಹುಡುಕುತ್ತ ಗೋಡೆಯ ಕಡೆ ತಿರುಗಿದೆ.
ಬೆನ್ನ ಹಿಂದೆ, ಉದುರಿದ ಎಲೆಗಳ ಮೇಲೆ,
ಸಣ್ಣ ಸದ್ದು.
ಸೀನು ಬಂದದ್ದನ್ನು ನುಂಗಿದೆ.
ಎಷ್ಟು ಹೊತ್ತು! ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು.

ಅಂದಿನಿಂದ ದಿನಕ್ಕೆ ಆರೇಳು ಸಲ
ಮಗ್ಗಿ ಬಾರದ ಹುಡುಗಿಯನ್ನು ಮೂಲೆಗೆ ನಿಲ್ಲಿಸಿದಂತೆ
ಗೋಡೆಗೆ ಮುಖಮಾಡಿ ನಿಲ್ಲುತ್ತೇನೆ.
ಲಮಾರಾ ನೋಡಲಿ. ಇಡೀ ವಠಾರ ನೋಡಲಿ.
ಆ ಗೋಡೆಯ ಇಟ್ಟಿಗೆಗಳೆಲ್ಲ ಪರಿಚಯ ಈಗ:
ಒಂದರ ಮೇಲೆ ಮೊಳೆಯಲ್ಲಿ ಗೀಚಿದ ಎರಡು ಹೆಸರು,
ಎಟೆರಿಯ ಹೆಸರನ್ನು ಯಾರೋ ಉಜ್ಜಿ ಅಳಿಸಲು ನೋಡಿ
ಇನ್ನೂ ಎದ್ದು ಕಾಣುವಂತೆ ಮಾಡಿದ್ದಾರೆ.
ಸದ್ದು ನಿಂತ ಮೇಲೆ ಮೂರು ಎಣಿಸಿ
ತಿರುಗದೆಯೇ ಕೈ ಹಿಂದಕ್ಕೆ ಚಾಚುತ್ತೇನೆ,
ಅಂಗೈಯಲ್ಲಿ ಚೀಸಿನ ಚೂರು.
ಬರುತ್ತಾಳೆ. ಮೊದಲು ಒದ್ದೆ ಮೂಗು, ಆಮೇಲೆ ನಾಲಿಗೆ.
ಇಪ್ಪತ್ತೆರಡು ವರ್ಷ ಕನ್ನಡಿಯಲ್ಲಿ
ಬೆನ್ನ ಹಿಂದಿನ ಪ್ರತಿ ಕೈ ಪ್ರತಿ ಜೇಬು ಕಾಯ್ದವಳಿಗೆ
ನೋಡದೆ ಇರುವುದು ಸುಲಭಕ್ಕೆ ಬರಲಿಲ್ಲ.

ಪಿಯಾನೊ ಕಾಲಿಗೆ ಮೊನ್ನೆಯೂ ಒಮ್ಮೆ ಬಿತ್ತು. ಒರೆಸಿದೆ.
ನಿನ್ನೆ ರಾತ್ರಿ ಮೂರು ಗಂಟೆ,
ಪಟ್ಟಿಯಲ್ಲಿ ಎಲ್ಲೂ ಇಲ್ಲದ ಹೊತ್ತು,
ಬಾಗಿಲ ಮೇಲೆ ಉಗುರಿನ ಸದ್ದು, ಒಂದೇ ಒಂದು ಸಲ,
ಡ್ರೈವರನ್ನು ಕೂಗಲು ನಾಚಿ
ಗಾಜು ತಟ್ಟಿದ ಪ್ರಯಾಣಿಕಳ ಹಾಗೆ.
ರಾತ್ರಿಯಂಗಿಯ ಮೇಲೆ ಕೋಟು,
ಎಡಗಾಲಿಗೆ ಬಲಗಾಲಿನ ಬೂಟು.
ನಿಲ್ದಾಣವಲ್ಲ ಇದು, ಅನ್ನುತ್ತಲೇ
ಬಾಗಿಲು ತೆಗೆದೆ.