ಬಾಲವಿದ್ದ ಚುಕ್ಕಿ

ಆಗ ಊರಿಗೆ ಎರಡು ಹೆಸರು.
ಹೊಲಕ್ಕೆ ಹೋಗುವವರಿಗೆ ಹಿರೋಡೆ,
ಅರ್ಜಿ ಬರೆಯುವವರಿಗೆ ಫ್ರೆಂಚ್‌ರಾಕ್ಸ್.
ಎಂದೋ ಬೀಡುಬಿಟ್ಟು ಎದ್ದುಹೋದ ಪರಂಗಿ ದಂಡಿನ ಗುರುತು
ಬಂಡೆಯ ಮೇಲಿರಲಿಲ್ಲ, ರುಜುವಿನ ಕೆಳಗಿತ್ತು.

ನೀರುಗಂಟಿ ಕಾಳಿಂಗನ ಮಗ ಜವರಯ್ಯ
ಇರುಳು ಕಾಯ್ದ ತೂಬು ಮುಚ್ಚಿ, ಕೆಸರುಗಾಲಲ್ಲೇ
ಆಂಗ್ಲೋ-ವರ್ನಾಕ್ಯುಲರ್ ಶಾಲೆಯ ಕೊನೆಯ ಸಾಲಿಗೆ ಬರುತ್ತಿದ್ದ.
ಮೇಲುಕೋಟೆಯ ಸೆಲ್ವಪಿಳ್ಳೆ ಮೇಷ್ಟ್ರ ಕೈಯಲ್ಲಿ
ಹುಣಿಸೆ ಬರಲು, ಬಾಯಲ್ಲಿ ಒಂದೇ ಪ್ರಶ್ನೆ:
"ಕರ್ತೃ ಎಲ್ಲಯ್ಯಾ, ಕರ್ತೃ?"

ಹಸಿವಾಗ್ತದೆ ಅಂದರೆ ಸಾಲದು. ಯಾರಿಗೆ?
ನನಗೆ ಅಂದರೂ ಸಾಲದು.
ಅವನಿಗೆ ಗೊತ್ತಿದ್ದ ಮಾತಿನಲ್ಲಿ
ಹಸಿವು ತಾನೇ ಬರುತ್ತಿತ್ತು, ನಾಲೆಗೆ ನೀರು ಬಂದಂತೆ.
ಜ್ವರ ಬರುತ್ತಿತ್ತು, ನಗು ಬರುತ್ತಿತ್ತು, ನೆನಪು ಬರುತ್ತಿತ್ತು.
ಮನುಷ್ಯ ತಗ್ಗಿನ ಗದ್ದೆಯ ಹಾಗೆ
ಸುಮ್ಮನೆ ಬಿದ್ದಿರುತ್ತಿದ್ದ.
ಇಲ್ಲಿ ನೋಡಿದರೆ ವಾಕ್ಯದ ಹೊಸ್ತಿಲಲ್ಲೇ
ಎಲ್ಲೆಗಲ್ಲಿನಂತೆ ನೆಟ್ಟಗೆ ನಿಂತ ಒಂದಕ್ಷರ,
ಐ.
ಎಲ್ಲಿ ಬಂದರೂ ಅದು ದೊಡ್ಡಕ್ಷರವೇ.
"ಅದ್ಯಾಕ್ ಸ್ವಾಮಿ ಅಷ್ಟು ದೊಡ್ಡದು?"
ಕೇಳಿದ್ದಕ್ಕೆ ಎರಡು ಏಟು.
ಮೇಷ್ಟ್ರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಅವನ ನೋಟುಪುಸ್ತಕ ಈಗ ನನ್ನ ಬಳಿ ಇದೆ.
ಮರಿಮಗಳು ನಾನು, ಮೈಸೂರಿನ ಸಂತೆಪೇಟೆಯಲ್ಲಿ
ಕರಡು ತಿದ್ದಿ ಬದುಕುವವಳು, ಪುಟಕ್ಕೆ ಹನ್ನೆರಡು ರೂಪಾಯಿ.
ಕವಿಗಳು ಬರುತ್ತಾರೆ, ಹಸ್ತಪ್ರತಿ ಹಿಡಿದು;
ಸಾಲಿಗೊಂದು ನಾನು, ಕೆಲವು ಸಾಲಿಗೆ ಎರಡು.
ಹಳಬರು ದೇವರ ಹೆಸರನ್ನು ಅಂಕಿತವಾಗಿಟ್ಟು
ಕೊನೆಯಲ್ಲಿ ಹಿತ್ತಿಲಿಂದ ಜಾರಿಕೊಳ್ಳುತ್ತಿದ್ದರು,
ಇವರು ಬಾಗಿಲಲ್ಲೇ ಕೂತಿರುತ್ತಾರೆ.
ತಮಾಷೆಗೆ ಹೇಳುತ್ತಿಲ್ಲ. ಆ ನಾನು ಹುಟ್ಟದೆ ಹೋಗಿದ್ದರೆ
ದೀಪ ಆರಿಸಿದ ಮೇಲೆ ಹೇಳಿಕೊಳ್ಳಲು
ನನಗೂ ಮಾತಿರುತ್ತಿರಲಿಲ್ಲ.

ಪುಸ್ತಕದ ಮುಂದಿನರ್ಧ ಪಾರ್ಸಿಂಗ್,
ಉದ್ದಕ್ಕೂ ಕೆಂಪು ಶಾಯಿ.
ಹಿಂದಿನಿಂದ ತಿರುವಿದರೆ ಕನ್ನಡ:
ಅವನ ಅವ್ವ ದೊಡ್ಡತಾಯಮ್ಮ
ರಾಗಿ ಬೀಸುತ್ತಾ ಹೇಳಿಕೊಂಡ ಪದಗಳು,
ಕೋಳಿ ಕೂಗುವ ಮುಂಚೆ, ಬುಡ್ಡಿದೀಪದಲ್ಲಿ ಬರೆದವು.
ಅವುಗಳಲ್ಲಿ ಎಲ್ಲೂ ನಾನು ಇಲ್ಲ.
ಪ್ಲೇಗಿನಲ್ಲಿ ಮಗಳು ಹೋದದ್ದೂ ಇದೆ,
ಯಾರದೋ ಹಟ್ಟಿಯಲ್ಲಿ ಯಾರದೋ ತೊಟ್ಟಿಲು
ಬರಿದೇ ತೂಗಿದ ಹಾಗೆ.
ಆದರೆ ಸಾಲುಗಳ ನಡುನಡುವೆ,
ಶಾಲೆಯಿಂದ ಕದ್ದು ಜೇಬಿನಲ್ಲಿ ತಂದ ಹಾಗೆ,
ಚುಕ್ಕಿ, ಅದಕ್ಕೊಂದು ಬಾಲ.

ಓಲೆಗರಿಯಲ್ಲಿ ಇದು ಇರಲಿಲ್ಲ.
ಉಸಿರು ಓದುವವನ ಪಾಡು.

ನಮ್ಮ ಮನೆಯಲ್ಲಿ ಹೇಳುವುದು ಹೀಗೆ:
ಅವ್ವ ಬಗ್ಗಿ ನೋಡಿ ಕೇಳಿದಳಂತೆ,
"ಇದೇನ್ಲಾ ಹುಳ, ಬಾಲ ಬುಟ್ಕಂಡ್ ಕುಂತದೆ?"
"ನೀನು ಅಲ್ಲಲ್ಲಿ ನಿಲ್ಲುಸ್ತೀಯಲ್ಲವ್ವ,
ಉಸ್ರು ತಗಳಕ್ಕೆ. ಅದರ ಗುರ್ತು."
"ಉಸ್ರು ಯಾಕ್ ತಗಳ್ಳಿ ಬುಡ್ಲಾ.
ಅಲ್ಲಿ ಒಂದ್ ಹಿಡಿ ರಾಗಿ ಹಾಕ್ತೀನಿ."

ಇಷ್ಟೇ. ಜವರಯ್ಯ ಮುಂದೆ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ.
ಐ ಹ್ಯಾವ್ ದಿ ಆನರ್ ಟು ಬಿ, ಸರ್, ಎಂದು
ದೊಡ್ಡಕ್ಷರದಲ್ಲಿ ಎದ್ದು ನಿಂತು
ಸಾಲು ಮುಗಿಯುವಷ್ಟರಲ್ಲಿ ವಿಧೇಯ ಸೇವಕನಾಗಿ ಬಗ್ಗುವುದನ್ನು
ಮೂವತ್ತು ವರ್ಷ ಬರೆದ.
ತನ್ನದೆಂದು ಒಂದು ಪದ್ಯವನ್ನೂ ಬರೆಯಲಿಲ್ಲ.
ಪಿಂಚಣಿಯ ಕಾಗದದಲ್ಲಿ ಅವನ ಹೆಸರು ತಪ್ಪಾಗಿತ್ತಂತೆ,
ಅದನ್ನೂ ತಿದ್ದಿಸಲಿಲ್ಲ.

ನಿನ್ನೆ ಮದ್ದೂರಿನ ಹುಡುಗನೊಬ್ಬನ ಕರಡು.
ಬೇಡದ ಕಡೆ ಒಂದು ಅಲ್ಪವಿರಾಮ.
ಹೊಡೆದುಹಾಕಲು ಕೆಂಪು ಪೆನ್ನು ಎತ್ತಿದವಳು
ಎತ್ತಿದ ಕೈ ಹಾಗೇ ಹಿಡಿದು ಕೂತೆ,
ಬೀಸುಕಲ್ಲಿನ ಬಾಯಿಗೆ ಕಾಳು ಬೀಳಲು
ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು,