ಹದಿಮೂರು ಪಾದ

ಒಪ್ಪಂದದಲ್ಲಿ ಇದ್ದದ್ದು ಎರಡೇ ಹೆಸರು,
ಲೆಟೆಬ್ರಾನ್, ಮತ್ತವಳ ಮಗಳು ಸಾಬಾ.
ನನ್ನ ನೆತ್ತಿಯ ಮೇಲೆ ಓಡಾಡುತ್ತಿದ್ದದ್ದು
ಹದಿಮೂರು ಪಾದ.

ಎಣಿಸಿದವನು ನಾನೇ. ವಿನಿಪೆಗ್ಗಿನ ಜನವರಿಯಲ್ಲಿ
ಮಾಡು ಹೊದಿಸುವವನಿಗೆ ಬೇರೇನು ಕೆಲಸ?
ಮಂಚದ ಮೇಲೆ ಅಂಗಾತ ಮಲಗಿ
ಪಕ್ಕದ ಗೋಡೆಗೆ ಪೆನ್ಸಿಲಿನ ಗೀಟು ಎಳೆದೆ,
ಹಾಲಿನವಳ ಲೆಕ್ಕದ ಹಾಗೆ.
ಇದು ಭಾರ, ಇದು ಹಗುರ, ಇದು ಚಪ್ಪಲಿ ಎಳೆಯುವುದು,
ಇದು ನಡುರಾತ್ರಿ ನಲ್ಲಿಯವರೆಗೆ ಹೋಗಿ ಬರುವುದು.
ಆರು ಜೋಡಿ ಕೂಡಿದವು. ಒಂದು ಒಂಟಿ ಉಳಿಯಿತು,
ಟಕ್ಕೆನ್ನುವ ಸದ್ದೊಂದನ್ನು ಜೊತೆ ಮಾಡಿಕೊಂಡು.

ನೀರಿನ ಬಿಲ್ಲು ಇಮ್ಮಡಿಯಾಗಿತ್ತು.
ಇನ್ನೇನು ಸಾಕ್ಷಿ ಬೇಕು?
ನೋಟಿಸನ್ನು ಬಾಗಿಲಡಿ ತೂರಿದೆ. ಮಾರನೆಯ ದಿನ
ಅದೇ ಬಾಗಿಲಿಂದ ಒಂದು ತಟ್ಟೆ ಇಳಿದು ಬಂತು,
ತೂತುತೂತಿನ ಹುಳಿರೊಟ್ಟಿ, ಕೆಂಪಗೆ ಉರಿಯುವ ಸಾರು.
ತಿಂದೆ. ತಟ್ಟೆ ತೊಳೆದು ವಾಪಸು ಕೊಟ್ಟೆ.
ನೋಟಿಸನ್ನು ವಾಪಸು ಕೇಳಲಿಲ್ಲ.

ವಿಚಾರಣೆಗೆ ಎಲ್ಲರೂ ಬಂದಿದ್ದರು.
ಬರಬಾರದಿತ್ತು. ಇಲ್ಲವೇ ಇಲ್ಲ ಎನ್ನಿಸಿಕೊಳ್ಳಬೇಕಾದವರು
ತಲೆ ಬಾಚಿಕೊಂಡು, ಇಸ್ತ್ರಿ ಹಾಕಿಕೊಂಡು
ಮೂರು ಕುರ್ಚಿಯಲ್ಲಿ ಏಳು ಜನ.
"ನೆಂಟರು" ಅಂದಳು ಲೆಟೆಬ್ರಾನ್.
"ಎಷ್ಟು ದಿನದಿಂದ?"
"ದಿನ ಎಣಿಸಿದರೆ ನೆಂಟರು ಹೇಗಾದಾರು?"
ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ.

ಆಗ ಅವಳ ಅಣ್ಣ ಗೋಯ್ತೊಮ್ ಎದ್ದು ನಿಂತ,
ಊರುಗೋಲು ನೆಲಕ್ಕೆ ಟಕ್ಕೆಂದಿತು.
ಪ್ಯಾಂಟಿನ ಎಡಗಾಲನ್ನು ಮೊಣಕಾಲಿಗೆ ಮಡಿಸಿ
ಪಿನ್ನು ಚುಚ್ಚಿತ್ತು.
ನನ್ನ ಲೆಕ್ಕ ಸರಿಯಿತ್ತು.
ಅಷ್ಟು ಸರಿ ಇರಬಾರದಿತ್ತು.

ಆಜ್ಞೆ ನನ್ನ ಕಡೆಗೇ ಆಯಿತು. ಮಾರ್ಚಿಯಲ್ಲಿ ಹೋದರು.
ಬಾಗಿಲಿಂದ ವ್ಯಾನಿನ ತನಕ ಹಿಮದಲ್ಲಿ ಹೆಜ್ಜೆಗಳಿದ್ದವು,
ಎಣಿಸಲಿಲ್ಲ. ಸಂಜೆಗೆ ಹೊಸ ಹಿಮ ಬಿತ್ತು.

ಏಪ್ರಿಲಿನ ನೀರಿನ ಬಿಲ್ಲು ಬಂತು.
ಕಡಿಮೆಯಾದದ್ದು ಹನ್ನೊಂದು ಡಾಲರು.

ನನ್ನ ಮಂಚದ ಪಕ್ಕದ ಗೋಡೆ ಒಡೆಸಿದೆ.
ಗೀಟು ಎಳೆದ ಗಾರೆಯೇ ಮೊದಲು ಉದುರಿದ್ದು,
ಒಳಗೆ ನೆನೆದು ಮೆತ್ತಗಾಗಿತ್ತು.
ಅಪ್ಪ ಹಾಕಿಸಿದ ಪೈಪು. ಉಗುರಿನುದ್ದದ ಸೀಳು.
ಪ್ಲಂಬರು ಟಾರ್ಚು ಬಿಟ್ಟು ನೋಡಿದ, ನನ್ನನ್ನೂ ನೋಡಿದ.
"ಕಿವಿ ಪಕ್ಕದಲ್ಲೇ ಇದೆ. ಇಷ್ಟು ದಿನ ಕೇಳಿಸಲಿಲ್ವಾ?"

"ಮೇಲ್ಗಡೆ ಜನ ಇದ್ರು" ಅಂದೆ.