ಆರು, ಮತ್ತೊಂದು

ಕೋಲ್ಡ್ ಸ್ಟೋರೇಜಿನ ಎರಡನೇ ಅಂತಸ್ತು.
ಜಲಂಧರದ ಬಿತ್ತನೆ ಆಲೂಗಡ್ಡೆ ಇಳಿದು ಮೂರು ದಿನ.
ಮೂಟೆಗಳ ನಡುವೆ ಒಬ್ಬಳು ನಿಲ್ಲುವಷ್ಟು ಸಂದು,
ಅದರೊಳಗೆ ಮೈಕು,
ಮೈಕಿಗೆ ನನ್ನ ತಂಗಿಯ ಹಳೇ ಕಾಲುಚೀಲ.
ಗೋಣಿಯಷ್ಟು ಚೆನ್ನಾಗಿ ಪ್ರತಿಧ್ವನಿ ನುಂಗುವ ಗೋಡೆ
ಬೆಂಗಳೂರಿನ ಯಾವ ಸ್ಟುಡಿಯೋದಲ್ಲೂ ಇಲ್ಲವಂತೆ.
ಹೇಳಿದವನು ನಾನೇ. ನಾನು ಯಾವ ಸ್ಟುಡಿಯೋನೂ ನೋಡಿಲ್ಲ.

ಒಳಗೆ ಶಶಿರೇಖಾ, ಮೈಮೇಲೆ ಅಪ್ಪನ ಸ್ವೆಟರು.
ಪದಕ್ಕಿಂತ ಮೊದಲು ಉಸಿರು ಹೊಗೆಯಾಗಿ ಬರುತ್ತದೆ.
ಬಾಗಿಲಾಚೆ ಲ್ಯಾಪ್‌ಟಾಪಿನ ಹಿಂದೆ ನಾನು,
ಅಫ್ರೋಜ್, ಪೆನ್ಷನ್ ಮೊಹಲ್ಲಾ, ಮೈಕ್‌ಸೆಟ್ ರಿಪೇರಿ.
ಹಗಲು ಅವಳು ಮಂಡಿಯಲ್ಲಿ ತಕ್ಕಪಟ್ಟಿ ಬರೆಯುತ್ತಾಳೆ,
ತಕ್ಕಪಟ್ಟಿಯ ಬೆನ್ನಿಗೆ ರ‍್ಯಾಪು.
ದುದ್ದದ ರೈತನೊಬ್ಬ ಚೀಟಿ ತಿರುವಿ ಓದಿ
'ಇದ್ಯಾವ ಕಮಿಷನ್ನಮ್ಮ?' ಅಂದನಂತೆ.

ಆರು ಹಾಡು ಸಲೀಸು. ಎಲ್ಲ ನಾಕರ ಲೆಕ್ಕ.
ಏಳನೆಯದಕ್ಕೆ ನನಗೇನೋ ಹೊಳೆಯಿತು:
ಹೈಸ್ಕೂಲಿನಲ್ಲಿ ಜಿನದತ್ತಯ್ಯ ಮೇಷ್ಟ್ರು
ಲಘು ಗುರು ಹಾಕಿಸುತ್ತಿದ್ದ ಭಾಮಿನಿ,
ಮೂರು ನಾಕು, ಮೂರು ನಾಕು.
ಅರ್ಥ ಬರುತ್ತಿರಲಿಲ್ಲ ನನಗೆ, ಬೆಂಚು ಬಡಿಯಲು ಬರುತ್ತಿತ್ತು.
ಅದನ್ನೇ ಡ್ರಮ್ಮಿಗೆ ಹಾಕಿದೆ.
ಶಶಿ ಬಿದ್ದಳು. ಎದ್ದು ಮತ್ತೆ ಬಿದ್ದಳು.
ಹದಿನೆಂಟನೇ ಟೇಕಿಗೆ ಹೆಡ್‌ಫೋನ್ ಕಿತ್ತು
'ನಿನ್ನ ಬೀಟಿಗೆ ಒಂದು ಕಾಲು ಗಿಡ್ಡ ಕಣೋ.'
'ನಿನ್ನ ನಾಲಿಗೆಗೆ ಬ್ರೇಕೇ ಇಲ್ಲ.'
ಮಾತಿಗೆ ಮಾತು ಬೆಳೆದು
ಆಲ್ಬಮ್ಮಿನ ಮೇಲೆ ಯಾರ ಹೆಸರು ಮೊದಲು
ಎನ್ನುವಲ್ಲಿಗೆ ಬಂತು. ಬರಲೇಬೇಕಿತ್ತೇನೋ.
ಜನ ಕೇಳೋದು ನನ್ನ ಬಾಯನ್ನ, ಅಂದಳು.
ತಲೆ ಆಡ್ಸೋದು ನನ್ನ ಕೈಗೆ, ಅಂದೆ.
ಹತ್ತೊಂಬತ್ತು ದಿನ ಮಾತಿಲ್ಲ.

ಇಪ್ಪತ್ತನೇ ಬೆಳಿಗ್ಗೆ ಫೋನು:
'ಯಾರ್ಡಿಗೆ ಬಾ. ರೆಕಾರ್ಡರ್ ತಗೊಂಡು ಬಾ.'
ಅವಳಪ್ಪ ಚೆಲುವಯ್ಯ ಲಾರಿಯಿಂದ ಮೂಟೆ ಇಳಿಸುತ್ತಿದ್ದ,
ಮೂರು ಹೆಜ್ಜೆ ಹಲಗೆಯ ಮೇಲೆ, ನಾಕು ನೆಲದ ಮೇಲೆ,
ಧೊಪ್ಪೆಂದಾಗೊಮ್ಮೆ ಎಣಿಕೆ:
ಲಾಭ
ಎರಡು
ಮೂರು
ನಾಕು
ಐದು
ಆರು
ಮತ್ತೊಂದು.
'ಏಳು ಅನ್ಬಾರ್ದು ಮಗ. ಏಳು ಅಂದ್ರೆ
ಲಕ್ಷ್ಮಿ ಎದ್ದು ಹೊಂಟೋಯ್ತಾಳೆ.'
ನಾನು ಶಶಿಯ ಮುಖ ನೋಡಿದೆ.
ಅವಳು ಅಪ್ಪನ ಕಾಲು ನೋಡುತ್ತಿದ್ದಳು,
ಹಲಗೆ ಮುಗಿದು ನೆಲ ಸಿಗುವ ಆ ಒಂದು ಕುಲುಕು,
ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

ಆ ರಾತ್ರಿ ಒಂದೇ ಟೇಕು.
ಅಷ್ಟರಲ್ಲಿ ಮೂಟೆ ಅರ್ಧ ಖಾಲಿಯಾಗಿ
ಕೋಣೆ ಗುಂಯ್ ಅನ್ನುತ್ತಿತ್ತು. ಇರಲಿ ಅಂದೆವು.
ಆರರವರೆಗೆ ಅವಳ ಓಟ,
ಏಳರ ಜಾಗದಲ್ಲಿ ಅಪ್ಪನ ದನಿ, ಕೆಮ್ಮಿನ ಸಮೇತ.
ಕೆಮ್ಮು ತೆಗೀಲಾ ಅಂದೆ.
ಮುಟ್ಟಿದ್ರೆ ನೋಡು ಅಂದಳು.

ಚೆಲುವಯ್ಯನ ಕಿವಿಗೆ ಹೆಡ್‌ಫೋನ್ ಇಟ್ಟೆವು.
ಟವಲ್ಲು ಹೆಗಲಿಂದ ತೆಗೆದು ತೊಡೆಯ ಮೇಲೆ ಹಾಕಿ ಪೂರ್ತಿ ಕೇಳಿದ.
'ಇದ್ರಲ್ಲಿ ನಾನು ಎಷ್ಟು ಸಲ ಮತ್ತೊಂದು ಅಂದಿವ್ನಿ?'
'ನಲವತ್ತು.'
'ಅಂಗಾದ್ರೆ ನಲವತ್ತು ಮೂಟೆ ಹಮಾಲಿ ಕೊಡಿ.'
ಕೊಟ್ಟೆವು. ಎಣಿಸಿಕೊಂಡ, ಲಾಭದಿಂದ.

ಕವರಿನ ಮೇಲೆ ಈಗ ಮೂರು ಹೆಸರು,
ಮೂಟೆಗೆ ಒತ್ತುವ ಮಸಿಯಲ್ಲಿ, ಮುದ್ರೆಯ ಹಾಗೆ ದುಂಡಗೆ.
ಎಲ್ಲಿಂದ ಓದಿದರೂ ಯಾರೋ ಒಬ್ಬರು ಮೊದಲು.

ಮೊದಲು ಕೇಳಿದವನು ಜಲಂಧರದ ಲಾರಿ ಡ್ರೈವರು.
ಕನ್ನಡದ ಒಂದು ಪದ ತಿಳಿಯದವನು.
ಕ್ಯಾಬಿನ್ನಿನಲ್ಲಿ ಚಹಾ ಹಿಡಿದು ಕೂತು,
ಮೊಣಕೈಯಲ್ಲಿ ಸ್ಟೇರಿಂಗು ತಟ್ಟುತ್ತಾ, ತಟ್ಟುತ್ತಾ,
ಮತ್ತೊಂದಕ್ಕೆ ಸರಿಯಾಗಿ
ಹಾರ್ನ್ ಒತ್ತಿದ.

ಯಾರ್ಡಿನ ಕಾಗೆಗಳಷ್ಟೇ ಎದ್ದು ಹೋದವು.